ಕೆಚ್ಚು

ಹಳೆಯ ಹಾಸು ಮುಗಿಯಲು ಗೇಣು ಉಳಿದಾಗ
ನನ್ನನ್ನು ಕರೆಯುತ್ತಾರೆ.
ಎರಡು ಸಾವಿರದ ನಾನೂರು ಎಳೆ.
ಒಂದೊಂದರ ತುದಿಗೂ ಹೊಸದರ ತುದಿ ತಂದು
ಬೂದಿ ಹಚ್ಚಿದ ಬೆರಳಲ್ಲಿ ಹೊಸೆಯಬೇಕು.
ಗಂಟಲ್ಲ; ಗಂಟು ಹಣಿಗೆಗೆ ಸಿಕ್ಕಿಬೀಳುತ್ತದೆ.
ಹೊಸೆತ. ಆಚೆಯ ಎಳೆಯೂ ಒಪ್ಪಬೇಕು, ಈಚೆಯದೂ.

ಮೈಂದರಗಿಯಲ್ಲಿ ಈ ಕೆಲಸ ಬಲ್ಲವರು ಈಗ
ನಾನು, ಮತ್ತು ಕಣ್ಣು ಹೋದ ನನ್ನ ದೊಡ್ಡವ್ವ.

ಅಣ್ಣನ ಮಗಳು ಪ್ರಾಜಕ್ತಾ ಅಕ್ಕಲಕೋಟೆಯಲ್ಲಿ ಕಲಿತು ಬಂದು
ನಮ್ಮ ಸೀರೆಗೊಂದು ವೆಬ್‌ಸೈಟು ಕಟ್ಟಿದಳು.
ಅಂಚಿನ ಕೆಂಪು ಕೆಂಪಾಗಿಯೇ ಕಾಣಲೆಂದು
ಬೆಳಗಿನ ಏಳಕ್ಕೆ ಮಾಳಿಗೆಯ ಮೇಲೆ ಫೋಟೊ ತೆಗೆದಳು.
ಮೂರು ತಿಂಗಳಲ್ಲಿ ಬಾಗಿಲು ತೆರೆದದ್ದು ಹನ್ನೊಂದು ಸಲ.
ಒಂಬತ್ತು ಸಲ ತೆರೆದವಳು ಅವಳೇ.

"ಬಾಗಲಾ ಐತಿ ಅತ್ತಿ, ಹಾದಿ ಇಲ್ಲ.
ಮಂದಿ ಪುಟದಿಂದ ನಮ್ಮ ಕಡೆ ಕೊಂಡಿ ಬೇಕು."

ಸೊಲ್ಲಾಪುರದಿಂದ ಒಬ್ಬ ಹುಡುಗ ಬಂದ, ಕೈಯಲ್ಲಿ ಎರಡು ಫೋನು.
ಆರು ಸಾವಿರಕ್ಕೆ ಸಾವಿರ ಕೊಂಡಿ ಎಂದ.
ಎಲ್ಲಿಂದ ಎಂದರೆ ತೋರಿಸಿದ:
ಇಸ್ಪೀಟಿನ ಅಡ್ಡೆ, ಕೂದಲ ಎಣ್ಣೆ,
ಯಾವುದೋ ದೇಶದ ಟೈರಿನ ಅಂಗಡಿ.
"ಟೈರಿನಂವಗ ನಮ್ಮ ಸೀರಿ ಗೊತ್ತೇನೋ ತಮ್ಮಾ?"
"ಗೊತ್ತಿರಬೇಕಂತ ಇಲ್ಲ, ಮೌಶಿ."

ಅಂಥ ಕೆಚ್ಚು ಕಂಡಿದ್ದೇನೆ.
ಕಣ್ಣಿಗೆ ಹಿಡಿದಂತೆ ಇರುತ್ತದೆ,
ಮೊದಲ ತುಳಿತಕ್ಕೆ ನೂರೆಳೆ ಒಟ್ಟಿಗೆ ಕಳಚುತ್ತದೆ.

ಹಳೆಯ ಉದ್ದರಿ ವಹಿ ತೆಗೆದೆವು.
ನಮ್ಮನ್ನು ನಿಜಕ್ಕೂ ಬಲ್ಲವರು ಯಾರು?
ಬಣ್ಣದ ಮೋಮಿನರು, ಮೊದಲು ಬಾಕಿ ತೀರಿಸಿ ಎಂದರು.
ನಾಗಪಂಚಮಿಗೊಂದು ಸೀರೆ ಒಯ್ಯುವ ಲಾತೂರಿನ ಟೀಚರು,
ಶೇಂಗಾ ಹೋಳಿಗೆ ಮಾಡುವುದು ಹೇಗೆಂದು ಬರೆಯುತ್ತಾರಂತೆ.
ಅವರಿಗೊಂದು ಕಾಗದ, ಇವರಿಗೊಂದು;
ಒಂದೇ ಕಾಗದವನ್ನು ಇಬ್ಬರಿಗೆ ಕಳಿಸಲು ನಾನು ಬಿಡಲಿಲ್ಲ.
ಹೆಚ್ಚಿನವರು ಸುಮ್ಮನಿದ್ದರು.

ಒಂದು ರಾತ್ರಿ ಹುಡುಗಿ ಕೂಗಿದಳು.
ಪುಣೆಯ ಯಾರೋ ಜವಳಿಯ ಬಗ್ಗೆ ಬರೆದ ಪುಟದಲ್ಲಿ
ನಮ್ಮೂರ ಹೆಸರಿನಡಿ ನೀಲಿ ಗೆರೆ.
ಒತ್ತಿದರೆ ಬಿಳಿ ಗೋಡೆ.
"ಸತ್ತ ಕೊಂಡಿ, ಅತ್ತಿ! ಬರದು ಕೇಳಿದರ
ನಮ್ಮ ಕಡೆ ತಿರಗಿಸಿ ಕೊಡತಾರ!"

ಅದು ರೇವಣಪ್ಪ ಕೋಷ್ಟಿಯವರದು.
ಅವರು ಹೋಗಿ ಹದಿನಾಲ್ಕು ತಿಂಗಳು,
ಹೆಸರಿನ ಬಾಡಿಗೆ ಯಾರೂ ಕಟ್ಟಿಲ್ಲ.
ಅವರ ಕೊನೆಯ ಹಾಸು ಕೆಚ್ಚಿದವಳು ನಾನು.
ಅರ್ಧ ನೇಯ್ದದ್ದು, ಅರ್ಧ ಹಾಗೇ.
ಬೆರಳನ್ನು ಸೆರಗಿಗೆ ಒರೆಸಿಕೊಂಡೆ.

ಅಂಬುಬಾಯಿ ಜೋಳ ಹಸನು ಮಾಡುತ್ತ ಎಲ್ಲ ಕೇಳಿದಳು.
"ಎಷ್ಟ ಬರತೈತಿ ಅದರಾಗ?"
"ಗೊತ್ತಿಲ್ಲ ಬಾಯಿ."
"ಗೊತ್ತಿಲ್ಲದ್ದಕ್ಕ ಐದನೂರು ಕೊಡು."
ಮುನ್ನೂರಕ್ಕೆ ಮುಗಿಯಿತು.
ಹೊಸ್ತಿಲು ದಾಟುವಾಗ ಕರೆದು
ರೇಷನ್ ಕಾರ್ಡಿನಿಂದ ಕಿತ್ತ ಫೋಟೊ ಕೈಗಿಟ್ಟಳು.
"ಅವರ ಹೆಸರ ಮ್ಯಾಲಿರಲಿ."

ಮೇಲೇ ಇದೆ. ನಮ್ಮ ಸೈಟಿನಲ್ಲಿ ಈಗ ಒಂದು ಪುಟ:
ರೇವಣಪ್ಪ ಕೋಷ್ಟಿ, ಹತ್ತೊಂಬತ್ತು ಬಗೆಯ ಅಂಚು,
ಅದರಲ್ಲಿ ಏಳು ನಮಗೆ ಬರುತ್ತವೆ,
ಉಳಿದ ಹನ್ನೆರಡು ಬರುವುದಿಲ್ಲ.

ಪುಣೆಗೆ ಅವಳು ಮರಾಠಿಯಲ್ಲಿ ಬರೆದಳು, ಉದ್ದಕ್ಕೆ.
ನಾನು ಹೇಳಿದ್ದು ಒಂದೇ ಸಾಲು:
ಆ ಬಾಗಿಲಲ್ಲಿ ಈಗ ಯಾರಿಲ್ಲ, ಇಲ್ಲಿ ಕೇಳಿದರೆ ಹೇಳುತ್ತೇವೆ.

ನಲವತ್ತೆರಡು ದಿನ. ಉತ್ತರವಿಲ್ಲ.

ಇವತ್ತು ಹೋಳಿಗೆಯ ಪುಟದಿಂದ ಯಾರೋ ಬಂದು
ನಾಲ್ಕು ನಿಮಿಷ ನಿಂತು ಹೋದರಂತೆ.
ಯಾರಿರಬಹುದು, ಏನು ನೋಡಿರಬಹುದು,
ಮತ್ತೆ ಬಂದಾರೆಯೇ ಎಂದು ಹುಡುಗಿ ಒಂದೇ ಸಮ.

ಸಾವಿರದ ಆರುನೂರ ಹನ್ನೊಂದು.
ಮಾತಾಡಿಸಬ್ಯಾಡ, ಎಣಿಕಿ ತಪ್ಪತೈತಿ.